ಓದುಗರ ಪ್ರಶ್ನೆ: ಬುಡಕಟ್ಟೂ ಒಂದು ಸರ್ಕಾರವೇ?

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ ಕೇಂದ್ರ ಸರ್ಕಾರದ ಮಾನ್ಯತೆ ಪಡೆದ 29 ಬುಡಕಟ್ಟುಗಳಿವೆ. ರಾಜ್ಯ ಸರ್ಕಾರ ಇವುಗಳೊಡನೆ 'ಸರ್ಕಾರಕ್ಕೆ ಸರ್ಕಾರ' ಎಂಬ ನೆಲೆಯಲ್ಲಿ ವ್ಯವಹರಿಸುತ್ತದೆ. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಂದಲೂ ಇಲ್ಲಿನ ಓದುಗರಿಂದಲೂ ಈ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಮಗಳ ಶಾಲೆಯಲ್ಲಿ ಈ ರಾಜ್ಯದ ಬುಡಕಟ್ಟುಗಳ ಬಗ್ಗೆ ಪಾಠವಿದೆ. ಅದರಲ್ಲಿ ಅವುಗಳನ್ನು 'ಸರ್ಕಾರ' ಎಂದೇ ಕರೆದಿದ್ದಾರೆ. ಕೆಲವೇ ಸಾವಿರ ಜನರ ಸಮುದಾಯ ಸರ್ಕಾರ ಹೇಗಾಗುತ್ತದೆ? ಇದು ಮರ್ಯಾದೆಗೆ ಹೇಳುವ ಮಾತೇ?
– ಓದುಗರೊಬ್ಬರು, ಬೆಲ್‌ವ್ಯೂ

ಮರ್ಯಾದೆಗೆ ಹೇಳುವ ಮಾತಲ್ಲ, ಕಾನೂನೇ ಹಾಗಿದೆ. ನಿಮ್ಮ ಮನೆ ಇರುವ ನೆಲ 1855ರ ಜನವರಿ 22ರಂದು ಸಹಿಯಾದ ಪಾಯಿಂಟ್ ಎಲಿಯಟ್ ಒಪ್ಪಂದದ ಮೂಲಕ ಅಮೆರಿಕ ಸರ್ಕಾರಕ್ಕೆ ಬಂದದ್ದು. ಒಪ್ಪಂದವಾಗಬೇಕಾದರೆ ಎರಡೂ ಕಡೆ ಸರ್ಕಾರ ಇರಬೇಕು. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಬುಡಕಟ್ಟುಗಳು. ಅಮೆರಿಕದ ಸಂವಿಧಾನದ 6ನೇ ವಿಧಿಯ ಪ್ರಕಾರ ಇಂಥ ಒಪ್ಪಂದಗಳು ದೇಶದ ಸರ್ವೋಚ್ಚ ಕಾನೂನು. ರಾಜ್ಯದ ಕಾನೂನು ಅವಕ್ಕೆ ವಿರುದ್ಧವಾಗಿದ್ದರೆ ಬಿದ್ದುಹೋಗುವುದು ರಾಜ್ಯದ ಕಾನೂನೇ.

ಬುಡಕಟ್ಟಿನ ಅಧಿಕಾರವನ್ನು ಅಮೆರಿಕ ಕೊಟ್ಟದ್ದಲ್ಲ. ಅದು ಮೊದಲೇ ಇತ್ತು. ಒಪ್ಪಂದದಲ್ಲಿ ಬಿಟ್ಟುಕೊಟ್ಟದ್ದು ಹೋಯಿತು, ಬಿಟ್ಟುಕೊಡದೆ ಇದ್ದದ್ದು ಉಳಿಯಿತು. ಹಾಗಾಗಿಯೇ ಇಂದಿಗೂ ಬುಡಕಟ್ಟುಗಳಿಗೆ ತಮ್ಮದೇ ಚುನಾಯಿತ ಕೌನ್ಸಿಲ್, ನ್ಯಾಯಾಲಯ, ಪೊಲೀಸ್, ಆಸ್ಪತ್ರೆ, ಮೀನುಗಾರಿಕೆ ಇಲಾಖೆ ಇವೆ. ಸದಸ್ಯರು ಯಾರು, ಯಾರಲ್ಲ ಎಂದು ತೀರ್ಮಾನಿಸುವುದೂ ಅವರೇ.

ಇದಕ್ಕೆ ಮಿತಿಗಳಿಲ್ಲವೆಂದಲ್ಲ. 1831ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಇವುಗಳನ್ನು ದೇಶದೊಳಗಿನ ಅವಲಂಬಿತ ರಾಷ್ಟ್ರಗಳು ಎಂದು ಗುರುತಿಸಿದರು. ಹೊರದೇಶದ ಜೊತೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಅವಕ್ಕಿಲ್ಲ. 1978ರಲ್ಲಿ ವಾಷಿಂಗ್ಟನ್ ರಾಜ್ಯದ್ದೇ ಆದ ಸುಕ್ವಾಮಿಶ್ ಬುಡಕಟ್ಟಿನ ಪ್ರಕರಣದಲ್ಲಿ, ಬುಡಕಟ್ಟಿನವರಲ್ಲದವರ ಮೇಲೆ ಬುಡಕಟ್ಟು ನ್ಯಾಯಾಲಯ ಕ್ರಿಮಿನಲ್ ಮೊಕದ್ದಮೆ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮೀಸಲು ನೆಲದಲ್ಲಿ (ಬುಡಕಟ್ಟುಗಳಿಗೆಂದೇ ಕಾದಿರಿಸಿದ ಪ್ರದೇಶದಲ್ಲಿ) ಮಹಿಳೆಯರ ಮೇಲೆ ನಡೆಯುತ್ತಿದ್ದ ಎಷ್ಟೋ ಹಲ್ಲೆಗಳಿಗೆ ಶಿಕ್ಷೆಯೇ ಆಗದಂತೆ ಮಾಡಿದ ತೀರ್ಪು ಅದು. 2013ರಲ್ಲಿ ಮತ್ತು 2022ರಲ್ಲಿ ಸಂಸತ್ತು ಕಾನೂನು ತಿದ್ದಿ ಆ ತಪ್ಪನ್ನು ಸ್ವಲ್ಪಮಟ್ಟಿಗೆ ಸರಿಪಡಿಸಿತು.

ಒಪ್ಪಂದ ಆಗಿದ್ದು ಕೇಂದ್ರ ಸರ್ಕಾರದ ಜೊತೆ. ಹಾಗಿದ್ದಮೇಲೆ ನಡುವೆ ರಾಜ್ಯ ಸರ್ಕಾರ ಬರುವುದು ಏಕೆ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಹಳೆಯ ನಿಯಮದಂತೆ ಬರುವಂತೆಯೇ ಇರಲಿಲ್ಲ. 1832ರ ವೂಸ್ಟರ್ ಪ್ರಕರಣದಲ್ಲಿ, ಜಾರ್ಜಿಯಾ ರಾಜ್ಯದ ಕಾನೂನು ಚೆರೋಕಿ ನೆಲದೊಳಗೆ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಆದರೆ ನೀರು, ಮೀನು, ರಸ್ತೆ, ಮಕ್ಕಳ ಪಾಲನೆ, ತೆರಿಗೆ ಇವೆಲ್ಲ ಪ್ರತಿದಿನವೂ ರಾಜ್ಯಕ್ಕೂ ಬುಡಕಟ್ಟಿಗೂ ತಾಗುವ ವಿಷಯಗಳು. ನೂರು ವರ್ಷಕ್ಕೂ ಹೆಚ್ಚು ಕಾಲ ವಾಷಿಂಗ್ಟನ್ ರಾಜ್ಯ ಇವನ್ನು ಬಗೆಹರಿಸಿದ್ದು ಬಂಧನದಿಂದ, ಬಲೆ ಕಿತ್ತುಕೊಳ್ಳುವುದರಿಂದ, ಕೋರ್ಟಿನಿಂದ. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಅವರನ್ನು ಮೀನು ಹಿಡಿದದ್ದಕ್ಕೆ ಮೊದಲ ಬಾರಿ ಬಂಧಿಸಿದಾಗ ಅವರಿಗೆ 14 ವರ್ಷ. ಆಮೇಲೆ ಬಂಧನಗಳ ಸಂಖ್ಯೆ 50 ದಾಟಿತು.

1974ರ ಬೋಲ್ಟ್ ತೀರ್ಪು ರಾಜ್ಯದ ಕೈ ಕಟ್ಟಿತು (ವಿವರ ಮುಂದಿದೆ). ಸೋಲಿನ ಮೇಲೆ ಸೋಲು, ವಕೀಲರ ಖರ್ಚಿನ ಮೇಲೆ ಖರ್ಚು. ಕೊನೆಗೆ ರಾಜ್ಯ ಸ್ಥಾಪನೆಯ ಶತಮಾನೋತ್ಸವದ ವರ್ಷ, 1989ರ ಆಗಸ್ಟ್ 4ರಂದು, ರಾಜ್ಯಪಾಲ ಬೂತ್ ಗಾರ್ಡ್ನರ್ ಮತ್ತು 26 ಬುಡಕಟ್ಟುಗಳು 'ಸೆಂಟೆನಿಯಲ್ ಅಕಾರ್ಡ್'ಗೆ ಸಹಿ ಹಾಕಿದವು. (ಅಲ್ಲಿನ ರಾಜ್ಯಪಾಲರು ನಮ್ಮಲ್ಲಿನಂತೆ ನೇಮಕಗೊಂಡವರಲ್ಲ, ಚುನಾಯಿತರು, ನಮ್ಮ ಮುಖ್ಯಮಂತ್ರಿಗೆ ಸಮ.) ಪರಸ್ಪರ ಸಾರ್ವಭೌಮತ್ವವನ್ನು ಒಪ್ಪಿಕೊಳ್ಳುವುದು, ಪ್ರತಿ ಇಲಾಖೆಯೂ ಬುಡಕಟ್ಟುಗಳ ಜೊತೆ ವ್ಯವಹರಿಸುವ ಕ್ರಮವನ್ನು ಬರೆದಿಡುವುದು, ವರ್ಷಕ್ಕೊಮ್ಮೆ ಎದುರುಬದುರು ಕುಳಿತು ಲೆಕ್ಕ ಒಪ್ಪಿಸುವುದು ಇವು ಅದರ ತಿರುಳು.

ಅಕಾರ್ಡ್ ನಡೆದದ್ದು ರಾಜ್ಯಪಾಲರ ಮೂಲಕ. ಶಾಸನಸಭೆಯಾಗಲಿ ನ್ಯಾಯಾಂಗವಾಗಲಿ ಅದಕ್ಕೆ ಕಟ್ಟುಬಿದ್ದಿಲ್ಲ. ಈ ಕೊರತೆ ತುಂಬಲು 2012ರಲ್ಲಿ ಕಾನೂನೇ ಬಂತು: ಇಲಾಖೆಯ ಮುಖ್ಯಸ್ಥರಿಗೆ ನೇರವಾಗಿ ವರದಿ ಮಾಡುವ ಬುಡಕಟ್ಟು ಸಂಪರ್ಕಾಧಿಕಾರಿ ಇರಬೇಕು, ಬುಡಕಟ್ಟುಗಳ ಜೊತೆ ವ್ಯವಹರಿಸುವ ನೌಕರರಿಗೆ ತರಬೇತಿ ಆಗಬೇಕು, ರಾಜ್ಯಪಾಲರು ವರ್ಷಕ್ಕೆ ಒಂದು ಸಲವಾದರೂ ಬುಡಕಟ್ಟು ನಾಯಕರನ್ನು ಭೇಟಿಯಾಗಬೇಕು. 'ನೇರವಾಗಿ' ಎಂದದ್ದಕ್ಕೆ ಕಾರಣವಿದೆ. ಸಂಪರ್ಕಾಧಿಕಾರಿ ಮೂರನೇ ಮೆಟ್ಟಿಲಲ್ಲಿ ಕುಳಿತಿದ್ದರೆ ಬುಡಕಟ್ಟಿನ ಆಕ್ಷೇಪ ಕಡತದೊಳಗೇ ಉಳಿದು, ನಿರ್ದೇಶಕರ ಕೈ ಸೇರುವ ಹೊತ್ತಿಗೆ ಟೆಂಡರ್ ಆಗಿಹೋಗಿರುತ್ತದೆ.

ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸರಿಯಾಯಿತು ಎನ್ನಲಾಗದು. 2021ರಲ್ಲಿ ರಾಜ್ಯದ ಹವಾಮಾನ ಕಾನೂನಿಗೆ ಸಹಿ ಹಾಕುವಾಗ ರಾಜ್ಯಪಾಲ ಜೇ ಇನ್‌ಸ್ಲೀ ಬುಡಕಟ್ಟು ಸಮಾಲೋಚನೆಯ ಭಾಗವನ್ನು ವೀಟೋ ಮಾಡಿದರು. ಆ ಮಸೂದೆಯ ಬೆನ್ನಿಗೆ ನಿಂತಿದ್ದ ಬುಡಕಟ್ಟು ನಾಯಕರೇ ಇದನ್ನು ದ್ರೋಹವೆಂದು ಕಂಡರು. ಮರುವರ್ಷ ಆ ಕಾನೂನಿನಿಂದ ಬರುವ ಹಣದ ಬಳಕೆಗೆ ಸಮಾಲೋಚನೆ ಕಡ್ಡಾಯ ಮಾಡಿ ಇನ್ನೊಂದು ಕಾನೂನು ತರಬೇಕಾಯಿತು.

ಅಲ್ಲಿನ ರಸ್ತೆ ಯೋಜನೆಗಳ ವಿನ್ಯಾಸವನ್ನು ಇಲ್ಲಿಂದ ಮಾಡುತ್ತೇವೆ. ಕಡತದಲ್ಲಿ 'ಬುಡಕಟ್ಟು ಸಮಾಲೋಚನೆ ಮುಗಿದಿದೆ' ಎಂದು ಟಿಕ್ ಹಾಕಿರುತ್ತಾರೆ. ಮುಗಿಯುವುದು ಅಂದರೇನು? ಕ್ರಮ ಏನು?
– ಸಿವಿಲ್ ಎಂಜಿನಿಯರ್, ಬೆಂಗಳೂರು

ಮೊದಲು, ಯಾವ ಬುಡಕಟ್ಟುಗಳು ಎಂದು ಗೊತ್ತುಮಾಡಬೇಕು. ಸಾಮಾನ್ಯವಾಗಿ ಎಡವುವುದೇ ಇಲ್ಲಿ. ನಕ್ಷೆಯಲ್ಲಿ ಹತ್ತಿರದ ಮೀಸಲು ಪ್ರದೇಶ ನೋಡಿ ಅದೊಂದಕ್ಕೇ ಪತ್ರ ಬರೆದರೆ ಸಾಲದು. ಒಪ್ಪಂದದಲ್ಲಿ ಬಿಟ್ಟುಕೊಟ್ಟ ಪ್ರದೇಶ ಮತ್ತು ವಾಡಿಕೆಯ ಮೀನುಗಾರಿಕೆ ಜಾಗಗಳು ಮೀಸಲು ಗಡಿಯಿಂದ ಬಹಳ ದೂರದವರೆಗೆ ಹರಡಿವೆ. ಒಂದೇ ಹೊಳೆಯ ಮೇಲೆ ನಾಲ್ಕೈದು ಬುಡಕಟ್ಟುಗಳಿಗೆ ಹಕ್ಕಿರಬಹುದು. ಒಬ್ಬರ ಒಪ್ಪಿಗೆ ಇನ್ನೊಬ್ಬರದಾಗುವುದಿಲ್ಲ.

ಎರಡನೆಯದು ಪತ್ರ. ಅದು ಇಲಾಖೆಯಿಂದಲೇ ಹೋಗಬೇಕು, ವಿಳಾಸ ಬುಡಕಟ್ಟು ಕೌನ್ಸಿಲ್ ಅಧ್ಯಕ್ಷರದ್ದಾಗಿರಬೇಕು, ಪ್ರತಿಗಳು ಅವರ ಸಾಂಸ್ಕೃತಿಕ ಪರಂಪರೆ ಅಧಿಕಾರಿಗೂ ನೈಸರ್ಗಿಕ ಸಂಪನ್ಮೂಲ ನಿರ್ದೇಶಕರಿಗೂ ಹೋಗಬೇಕು. ನಿಮ್ಮ ಕಂಪನಿಯಂಥ ಸಲಹಾ ಸಂಸ್ಥೆ ತಾಂತ್ರಿಕ ಮಾಹಿತಿ ಕೊಡಬಹುದೇ ಹೊರತು ಸರ್ಕಾರದ ಪರವಾಗಿ ಸಮಾಲೋಚನೆ ನಡೆಸುವಂತಿಲ್ಲ. ಗುತ್ತಿಗೆದಾರನ ಲೆಟರ್‌ಹೆಡ್‌ನಲ್ಲಿ ಪತ್ರ ಹೋದರೆ ಅದನ್ನು ಸಮಾಲೋಚನೆಯ ಆರಂಭವೆಂದು ಯಾವ ಬುಡಕಟ್ಟೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಪತ್ರದ ಜೊತೆ ನಕ್ಷೆ, ಎಷ್ಟು ಅಗಲ ಎಷ್ಟು ಆಳ ಅಗೆಯುತ್ತೀರಿ, ಯಂತ್ರಗಳು ಎಲ್ಲಿ ನಿಲ್ಲುತ್ತವೆ, ಮಣ್ಣು ಎಲ್ಲಿ ಸುರಿಯುತ್ತೀರಿ, ಯಾವ ತಿಂಗಳು ಕೆಲಸ ಎಂಬುದೆಲ್ಲ ಇರಬೇಕು. ಮಣ್ಣು ಸುರಿಯುವ ಜಾಗವನ್ನು ಬಿಡುವುದು ತೀರಾ ಸಾಮಾನ್ಯ ತಪ್ಪು. ಅಗೆಯುವ ಜಾಗದಲ್ಲಿ ಏನೂ ಇಲ್ಲದಿದ್ದರೂ ಸುರಿಯುವ ಜಾಗದಲ್ಲಿ ಸ್ಮಶಾನ ಇರಬಹುದು.

ಮೂರನೆಯದು ಸಮಯ. ಮಾರ್ಗ ಬದಲಿಸಲು, ಕಂಬದ ಜಾಗ ಸರಿಸಲು ಇನ್ನೂ ಆಸ್ಪದ ಇರುವಾಗಲೇ ಪತ್ರ ಹೋಗಬೇಕು. ವಿನ್ಯಾಸ ಮುಗಿಸಿ ಕಳಿಸಿದರೆ ಅದು ತಿಳಿವಳಿಕೆ ಪತ್ರ ಅಷ್ಟೆ. ಕೇಂದ್ರದ ಹಣ ಅಥವಾ ಪರವಾನಗಿ ಇರುವ ಕೆಲಸಕ್ಕೆ ರಾಷ್ಟ್ರೀಯ ಪರಂಪರೆ ಕಾನೂನಿನ 106ನೇ ಕಲಮಿನಂತೆ ಇಲಾಖೆಯ ನಿರ್ಣಯಕ್ಕೆ ಉತ್ತರಿಸಲು 30 ದಿನ ಇರುತ್ತದೆ. ಉತ್ತರ ಬರಲಿಲ್ಲವೆಂದು 31ನೇ ದಿನ ಟಿಕ್ ಹಾಕುವವರಿದ್ದಾರೆ. ಚಿಕ್ಕ ಬುಡಕಟ್ಟುಗಳಲ್ಲಿ ಈ ಕೆಲಸಕ್ಕೆ ಒಂದಿಬ್ಬರೇ ನೌಕರರು, ಪತ್ರಗಳೋ ರಾಶಿ ರಾಶಿ. ಆದ್ದರಿಂದ ಫೋನ್ ಮಾಡಿ, ಮತ್ತೊಮ್ಮೆ ಮಾಡಿ, ಪ್ರತಿ ಕರೆಯನ್ನೂ ಬರೆದಿಡಿ. ಮೌನವನ್ನು ಸಮ್ಮತಿ ಎಂದು ಓದಬಾರದು.

ಆಮೇಲೆ ಮಾತುಕತೆ ಎರಡು ಮಟ್ಟದಲ್ಲಿ ಸಾಗುತ್ತದೆ: ಮೀನು ತಜ್ಞರು, ಪುರಾತತ್ವಜ್ಞರು ಕೂರುವ ಸಿಬ್ಬಂದಿ ಮಟ್ಟ, ನಿರ್ದೇಶಕರೂ ಕೌನ್ಸಿಲ್ಲೂ ಕೂರುವ ನಾಯಕರ ಮಟ್ಟ. ಸಿಬ್ಬಂದಿ ಒಪ್ಪಿದರೂ ಕೌನ್ಸಿಲ್ ಒಪ್ಪಿದಂತಲ್ಲ. ಸಾರ್ವಜನಿಕ ಅಹವಾಲು ಸಭೆಯಲ್ಲಿ ಬುಡಕಟ್ಟಿನ ಅಧ್ಯಕ್ಷರಿಗೆ ಮೂರು ನಿಮಿಷ ಮೈಕ್ ಕೊಟ್ಟದ್ದನ್ನು ಸಮಾಲೋಚನೆ ಎಂದು ಬರೆಯುವುದಂತೂ ಅಪಮಾನ. ಇನ್ನೊಂದು ಸರ್ಕಾರವನ್ನು ಸಂಘ-ಸಂಸ್ಥೆಗಳ ಸಾಲಿನಲ್ಲಿ ನಿಲ್ಲಿಸಿದಂತೆ ಅದು.

ಪವಿತ್ರ ಜಾಗಗಳ ಗುರುತು ಹೇಳಿದಾಗ ಅದು ನಿಮ್ಮ ಸಾಮಾನ್ಯ ಡ್ರಾಯಿಂಗ್‌ಗೆ ಹೋಗಬಾರದು. ಪುರಾತತ್ವ ನೆಲೆಗಳ ಜಾಗದ ಮಾಹಿತಿಯನ್ನು ರಾಜ್ಯದ ಮಾಹಿತಿ ಕಾನೂನು ಬಹಿರಂಗದಿಂದ ಹೊರಗಿಟ್ಟಿದೆ. ಡ್ರಾಯಿಂಗ್‌ನಲ್ಲಿ 'ಇಲ್ಲಿ ಅಗೆಯಬಾರದು' ಎಂಬ ಗೆರೆ ಸಾಕು, ಕಾರಣ ಬೇಡ. ಕೊನೆಗೆ ಯಾವ ಸಲಹೆ ತೆಗೆದುಕೊಂಡೆವು, ಯಾವುದನ್ನು ಇಲ್ಲ, ಏಕೆ ಇಲ್ಲ ಎಂದು ಇಲಾಖೆ ಬರವಣಿಗೆಯಲ್ಲಿ ಉತ್ತರಿಸಬೇಕು. ಆ ಉತ್ತರ ಕಡತದಲ್ಲಿದ್ದರೆ ಮಾತ್ರ ಟಿಕ್‌ಗೆ ಅರ್ಥ.

ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೋರ್ಟ್ ಏಂಜಲಿಸ್ ಎಂಬ ಊರು ಸಾಕ್ಷಿ. ಹುಡ್ ಕೆನಾಲ್ ತೇಲುಸೇತುವೆಯ ಕಾಂಕ್ರೀಟ್ ತೆಪ್ಪಗಳನ್ನು ತಯಾರಿಸಲು ರಾಜ್ಯದ ಸಾರಿಗೆ ಇಲಾಖೆ ಅಲ್ಲಿನ ಸಮುದ್ರದಂಡೆಯಲ್ಲಿ ಜಾಗ ಆರಿಸಿತು. ಹಿಂದೆ ಮರದ ಕಾರ್ಖಾನೆಗಳಿದ್ದ ನೆಲ, ಮೇಲೆ ಅಡಿಗಟ್ಟಲೆ ತುಂಬುಮಣ್ಣು. ಪೂರ್ವಸಮೀಕ್ಷೆಯಲ್ಲಿ ಏನೂ ಕಾಣಲಿಲ್ಲ. 2003ರ ಆಗಸ್ಟ್‌ನಲ್ಲಿ ಅಗೆತ ಶುರುವಾದ ಕೆಲವೇ ದಿನಗಳಲ್ಲಿ ಮನುಷ್ಯರ ಮೂಳೆಗಳು ಸಿಕ್ಕವು. ಅದು ಚೆ-ವಿಟ್-ಜೆನ್, ಕ್ಲಾಲಂ ಜನರ ಸುಮಾರು 2,700 ವರ್ಷ ಹಳೆಯ ಊರು. ಒಪ್ಪಂದ ಮಾಡಿಕೊಂಡು 2004ರಲ್ಲಿ ಕೆಲಸ ಮತ್ತೆ ಆರಂಭಿಸಿದರು. ಲೋವರ್ ಎಲ್ವಾ ಕ್ಲಾಲಂ ಬುಡಕಟ್ಟಿನವರು ಪುರಾತತ್ವಜ್ಞರ ಜೊತೆ ನಿಂತು ತಮ್ಮ ಪೂರ್ವಿಕರನ್ನು ಒಬ್ಬೊಬ್ಬರನ್ನಾಗಿ ಮೇಲೆತ್ತಿದರು. ಅಖಂಡವಾಗಿ ಉಳಿದಿದ್ದ ಸಮಾಧಿಗಳೇ 300 ದಾಟಿದವು. ಇನ್ನು ಸಾಧ್ಯವಿಲ್ಲ ಎಂದು ಬುಡಕಟ್ಟು ಹೇಳಿತು. 2004ರ ಡಿಸೆಂಬರ್‌ನಲ್ಲಿ ರಾಜ್ಯ ಯೋಜನೆಯನ್ನೇ ಕೈಬಿಟ್ಟಿತು. ಅಷ್ಟರಲ್ಲಿ 6 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಗಿತ್ತು. ತೆಪ್ಪಗಳು ಬೇರೆಡೆ ತಯಾರಾದವು. ರಾಜ್ಯದ ಹಣದ ಕಾಮಗಾರಿಗಳಿಗೂ ಬುಡಕಟ್ಟು ಸಮಾಲೋಚನೆ ಕಡ್ಡಾಯ ಮಾಡಿದ ರಾಜ್ಯಪಾಲರ ಆದೇಶ ಬಂದದ್ದು ಮರುವರ್ಷ, 2005ರಲ್ಲಿ. ಕೆಲಸ ಶುರುವಾಗುವ ಮೊದಲೇ ಬುಡಕಟ್ಟಿನ ಹಿರಿಯರ ಜೊತೆ ಕುಳಿತಿದ್ದರೆ ಆ ಹಣವೂ ಉಳಿಯುತ್ತಿತ್ತು, ಸತ್ತವರ ನಿದ್ದೆಯೂ ಉಳಿಯುತ್ತಿತ್ತು.

ಬುಡಕಟ್ಟಿಗೆ ಅರ್ಧ ಮೀನು ಎಂದು ಕೋರ್ಟ್ ಹೇಳಿದೆಯಂತೆ. ಸಮುದ್ರದ ಮೀನನ್ನು ಅರ್ಧ ಮಾಡುವುದು ಹೇಗೆ?
– ಮೀನುಗಾರರ ಸಹಕಾರಿಯ ಸದಸ್ಯರು, ಮಲ್ಪೆ

1850ರ ದಶಕದ ಒಪ್ಪಂದಗಳಲ್ಲಿ, ವಾಡಿಕೆಯ ಜಾಗಗಳಲ್ಲಿ 'ಎಲ್ಲ ನಾಗರಿಕರ ಜೊತೆ ಸಮನಾಗಿ' ಮೀನು ಹಿಡಿಯುವ ಹಕ್ಕನ್ನು ಬುಡಕಟ್ಟುಗಳು ಉಳಿಸಿಕೊಂಡಿದ್ದವು. 1974ರ ಫೆಬ್ರವರಿ 12ರಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ ಇದಕ್ಕೆ ಅರ್ಧ ಪಾಲು ಎಂಬ ಅರ್ಥ ಕೊಟ್ಟರು. 1979ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಅರ್ಧವೆಂದರೆ ಇರುವ ಎಲ್ಲ ಮೀನಿನ ಅರ್ಧವಲ್ಲ, ಹಿಡಿಯಬಹುದಾದ ಮೀನಿನ ಅರ್ಧ. ಉದಾಹರಣೆಗೆ ಒಂದು ಹೊಳೆಗೆ 1,00,000 ಸಾಲ್ಮನ್ ಮರಳುತ್ತವೆ ಎಂದುಕೊಳ್ಳಿ. ಸಂತತಿ ಉಳಿಯಲು 40,000 ಮೀನು ಮೊಟ್ಟೆಯಿಡುವ ಜಾಗ ತಲುಪಲೇಬೇಕು ಎಂದಾದರೆ ಉಳಿದದ್ದು 60,000. ಅದರಲ್ಲಿ 30,000 ಬುಡಕಟ್ಟುಗಳಿಗೆ, 30,000 ಉಳಿದವರಿಗೆ. ಹೊಳೆ ಸೇರುವ ಮೊದಲೇ ಸಮುದ್ರದಲ್ಲಿ ಉಳಿದವರು ಹಿಡಿದದ್ದೂ ಅವರ ಪಾಲಿನ ಲೆಕ್ಕಕ್ಕೇ. ಬುಡಕಟ್ಟಿನವರು ಊಟಕ್ಕೆ, ಹಬ್ಬ-ವಿಧಿಗಳಿಗೆ ಹಿಡಿದದ್ದೂ 1979ರ ತೀರ್ಪಿನಂತೆ ಅವರ ಪಾಲಿನೊಳಗೆ.

ಹಾಗಾಗಿ ಜಗಳವೆಲ್ಲ ಮೊದಲ ಸಂಖ್ಯೆಯ ಮೇಲೆ: ಈ ವರ್ಷ ಎಷ್ಟು ಮರಳುತ್ತವೆ? ಈಗ ರಾಜ್ಯದ ಜೀವವಿಜ್ಞಾನಿಗಳೂ ಬುಡಕಟ್ಟುಗಳ ಜೀವವಿಜ್ಞಾನಿಗಳೂ ಸೇರಿ ಅಂದಾಜು ಕಟ್ಟುತ್ತಾರೆ. ಪ್ರತಿವರ್ಷ ಏಪ್ರಿಲ್ ಹೊತ್ತಿಗೆ ಮುಗಿಯುವ 'ನಾರ್ತ್ ಆಫ್ ಫಾಲ್ಕನ್' ಸಭೆಗಳಲ್ಲಿ ಯಾವ ಹೊಳೆ, ಯಾವ ವಾರ, ಯಾವ ಬಲೆ ಎಂದು ನಿಗದಿಯಾಗುತ್ತದೆ. ಪಶ್ಚಿಮ ವಾಷಿಂಗ್ಟನ್ನಿನ 20 ಒಪ್ಪಂದ ಬುಡಕಟ್ಟುಗಳಿಗೆ ಇದರಲ್ಲಿ ನೆರವಾಗುವುದು ಅವರದೇ ಮೀನುಗಾರಿಕಾ ಆಯೋಗ. ನಿರ್ವಹಣೆಯಲ್ಲಿ ಇಬ್ಬರೂ ಸಮಾನರು ಎಂಬ ಮಾತು ಕೃತಿಯಾಗಿರುವುದು ಈ ಕೋಣೆಯಲ್ಲೇ.

ಇದರ ಮುಂದುವರಿಕೆ ಮೋರಿಗಳ ಮೊಕದ್ದಮೆ. ಮಲೆನಾಡಿನಲ್ಲಿ ಮುಂಗಾರಿನ ಹೊಸನೀರಿಗೆ ಹತ್ತುಮೀನು ಏರುವಂತೆ ಸಾಲ್ಮನ್ ಹೊಳೆಗೆ ಎದುರಾಗಿ ಏರಬೇಕು. ರಾಜ್ಯದ ಹೆದ್ದಾರಿಗಳ ಅಡಿಯ ನೂರಾರು ಮೋರಿಗಳು ದಾರಿ ಮುಚ್ಚಿದ್ದವು. ಕಿರಿದಾದ ಕೊಳವೆಯಲ್ಲಿ ನೀರಿನ ರಭಸ ಹೆಚ್ಚುತ್ತದೆ, ಬಾಯಿಯ ಕೆಳಗಿನ ತಳ ಕೊರೆದುಹೋಗುತ್ತದೆ, ಕೊಳವೆ ಮೇಲೆ ನೇತಾಡುತ್ತದೆ. ನೀರು ಬೀಳುವ ಎತ್ತರ 24 ಸೆಂಟಿಮೀಟರ್ ದಾಟಿದರೆ ಅದನ್ನು ತಡೆ ಎಂದೇ ಲೆಕ್ಕ. ಮೀನು ಹಿಡಿಯುವ ಹಕ್ಕು ಕೊಟ್ಟು ಮೀನೇ ಬಾರದಂತೆ ಮಾಡಿದರೆ ಹಕ್ಕು ಎಲ್ಲಿ ಉಳಿಯಿತು ಎಂಬುದು ಬುಡಕಟ್ಟುಗಳ ವಾದ. 2001ರಲ್ಲಿ ಹಾಕಿದ ಅರ್ಜಿ, 2013ರ ಆದೇಶ, 2018ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 4–4 ಆಗಿ ಕೆಳಗಿನ ತೀರ್ಪೇ ನಿಂತಿತು. ಮುಚ್ಚಿದ ನೆಲೆಯ ಶೇ. 90ರಷ್ಟನ್ನು 2030ರೊಳಗೆ ತೆರೆಯಬೇಕು, ಖರ್ಚು ಶತಕೋಟಿ ಡಾಲರ್‌ಗಳಲ್ಲಿ. ಹೊಸ ಮೋರಿಯ ತಳ ಹೊಳೆಯ ದಡದಿಂದ ದಡದ ಅಗಲದ 1.2 ಪಟ್ಟು, ಅದರ ಮೇಲೆ 2 ಅಡಿ ಎಂಬುದು ಒಂದು ಪ್ರಚಲಿತ ಸೂತ್ರ. ಒಳಗೆ ಹೊಳೆಯದೇ ಕಲ್ಲು, ಮರಳು ಹಾಸುತ್ತಾರೆ.

ಅವರು ತೆರಿಗೆ ಕಟ್ಟುವುದಿಲ್ಲ, ಕ್ಯಾಸಿನೊ ದುಡ್ಡು ಎಲ್ಲ ಅವರಿಗೇ ಎನ್ನುತ್ತಾರೆ. ನಿಜವೇ?
– ಓದುಗರು, ರೆಡ್‌ಮಂಡ್

ಬುಡಕಟ್ಟಿನ ಸದಸ್ಯರು ಕೇಂದ್ರದ ಆದಾಯ ತೆರಿಗೆ ಕಟ್ಟುತ್ತಾರೆ. ಸರ್ಕಾರವೊಂದು ಇನ್ನೊಂದು ಸರ್ಕಾರಕ್ಕೆ ತೆರಿಗೆ ಹಾಕುವುದಿಲ್ಲವಾದ್ದರಿಂದ ಬುಡಕಟ್ಟಿನ ಆದಾಯಕ್ಕೆ ರಾಜ್ಯದ ತೆರಿಗೆಯಿಲ್ಲ. ಕ್ಯಾಸಿನೊಗೆ 1988ರ ಕೇಂದ್ರ ಕಾನೂನಿನಂತೆ ರಾಜ್ಯದ ಜೊತೆ ಕರಾರು ಬೇಕು, ಲಾಭವನ್ನು ಆಡಳಿತ, ಜನರ ಕಲ್ಯಾಣ, ಆರ್ಥಿಕ ಅಭಿವೃದ್ಧಿ, ದಾನ, ಸ್ಥಳೀಯ ಸಂಸ್ಥೆಗಳ ನೆರವು ಇವಿಷ್ಟಕ್ಕೇ ಬಳಸಬೇಕು. ಸಿಗರೇಟಿನ ವಿಷಯದಲ್ಲಿ 2001ರಿಂದ ಕರಾರು ಪದ್ಧತಿ ಇದೆ: ರಾಜ್ಯದ ತೆರಿಗೆಯಷ್ಟೇ ಬುಡಕಟ್ಟು ತೆರಿಗೆ ಹಾಕುತ್ತದೆ, ಹಣ ಅದರ ಸರ್ಕಾರಿ ಸೇವೆಗಳಿಗೆ ಹೋಗುತ್ತದೆ.

ಸಿಯಾಟಲ್ ಹೆಸರು ಬಂದದ್ದು ನಾಯಕ ಸಿಯಾಲ್ ಅವರಿಂದ. ಅವರ ಡುವಾಮಿಶ್ ಜನ ಈ 29ರ ಪಟ್ಟಿಯಲ್ಲಿ ಏಕಿಲ್ಲ?
– ವಿದ್ಯಾರ್ಥಿ, ಸಿಯಾಟಲ್

ಪಟ್ಟಿ ಕೇಂದ್ರ ಸರ್ಕಾರದ್ದು. ಡುವಾಮಿಶ್ ಬುಡಕಟ್ಟಿಗೆ ಕ್ಲಿಂಟನ್ ಆಡಳಿತದ ಕೊನೆಯಲ್ಲಿ, 2001ರ ಜನವರಿಯಲ್ಲಿ, ಮಾನ್ಯತೆ ಸಿಕ್ಕಂತಾಗಿ ಮುಂದಿನ ಆಡಳಿತದಲ್ಲಿ ತಿರಸ್ಕೃತವಾಯಿತು. ಕೊಲಂಬಿಯಾ ನದೀಮುಖದ ಚಿನೂಕ್ ಜನರಿಗೂ ಅದೇ ವರ್ಷ ಸಿಕ್ಕ ಮಾನ್ಯತೆ 2002ರಲ್ಲಿ ರದ್ದಾಯಿತು. ಮಾನ್ಯತೆ ಇಲ್ಲದಿದ್ದರೆ ಅಕಾರ್ಡ್ ಇಲ್ಲ, ಮೀನಿನ ಪಾಲಿಲ್ಲ. ಪಾಯಿಂಟ್ ಎಲಿಯಟ್ ಒಪ್ಪಂದಕ್ಕೆ ಸಹಿ ಹಾಕಿದ ಸಿಯಾಲ್ ಅವರ ಜನರನ್ನೇ ಹೊರಗಿಟ್ಟಿರುವುದು ಈ ವ್ಯವಸ್ಥೆಯ ದೊಡ್ಡ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಅದೇ ಮೂಲದ ಅನೇಕರು ಮಕಲ್‌ಶೂಟ್, ಸುಕ್ವಾಮಿಶ್ ಮುಂತಾದ ಬುಡಕಟ್ಟುಗಳಲ್ಲಿದ್ದಾರೆ, ಅವುಗಳಲ್ಲಿ ಕೆಲವು ಡುವಾಮಿಶ್ ಮಾನ್ಯತೆಯನ್ನು ವಿರೋಧಿಸಿವೆ ಎಂಬುದನ್ನೂ ತಿಳಿದಿರಬೇಕು.

ನಮ್ಮ ಜೇನುಕುರುಬ ಹಾಡಿಗಳ ಗ್ರಾಮಸಭೆಗೂ ಇಂಥದ್ದೇ ಅಧಿಕಾರ ಇದೆಯೇ?
– ಶಿಕ್ಷಕರು, ಎಚ್.ಡಿ. ಕೋಟೆ

ಇದೆ, ಆದರೆ ಅದರ ಬೇರು ಬೇರೆ. ನಮ್ಮಲ್ಲಿ ಒಪ್ಪಂದಗಳಿಲ್ಲ, ಹಕ್ಕು ಬಂದದ್ದು ಸಂಸತ್ತಿನ ಕಾನೂನಿನಿಂದ. ಕರ್ನಾಟಕದಲ್ಲಿ ಸಂವಿಧಾನದ 5ನೇ ಅನುಸೂಚಿಯ ಪ್ರದೇಶ ಒಂದೂ ಇಲ್ಲದಿರುವುದರಿಂದ ಅಂಥ ಪ್ರದೇಶಗಳಿಗೆ ಪಂಚಾಯಿತಿ ವ್ಯವಸ್ಥೆಯನ್ನು ವಿಸ್ತರಿಸುವ 1996ರ ಪೆಸಾ ಕಾನೂನು ಇಲ್ಲಿ ಅನ್ವಯಿಸುವುದಿಲ್ಲ. ಕೈಯಲ್ಲಿರುವುದು 2006ರ ಅರಣ್ಯ ಹಕ್ಕು ಕಾಯ್ದೆ. ಅದನ್ನು ಸರಿಯಾಗಿ ಬಳಸಿದರೆ ಏನಾಗಬಹುದೆಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ತೋರಿಸಿದ್ದಾರೆ: ಹುಲಿ ಮೀಸಲು ಪ್ರದೇಶದ ಒಳಗೇ ಸಮುದಾಯ ಹಕ್ಕುಪತ್ರ. ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2013ರಲ್ಲಿ 12 ಗ್ರಾಮಸಭೆಗಳು ಸೇರಿ ಬಾಕ್ಸೈಟ್ ಗಣಿಯನ್ನು ಬೇಡವೆಂದವು, ಗಣಿ ನಿಂತಿತು.

ನಮ್ಮಲ್ಲಿ ಕೆಡುವುದು ಸಭೆಯ ಹಂತದಲ್ಲೇ. ಪಂಚಾಯಿತಿ ಕಚೇರಿಯಲ್ಲಿ ನಡೆದ ಸಭೆಯ ನಡಾವಳಿಯನ್ನು ಹಾಡಿಯ ಗ್ರಾಮಸಭೆ ಎಂದು ತೋರಿಸುತ್ತಾರೆ. ಅರಣ್ಯ ಹಕ್ಕಿನ ಗ್ರಾಮಸಭೆ ಹಾಡಿ ಮಟ್ಟದಲ್ಲೇ ನಡೆಯಬಹುದು. ಸದಸ್ಯರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯನ್ನು ಅಲ್ಲೇ ಆರಿಸಬೇಕು. ವೈಯಕ್ತಿಕ ಅರ್ಜಿಗೆ ನಮೂನೆ ಎ, ಸಮುದಾಯ ಹಕ್ಕಿಗೆ ಬಿ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ಸಿ. ಬಹಳಷ್ಟು ಕಡೆ ಎ ಮಾತ್ರ ತುಂಬಿಸಿ ಕೈತೊಳೆದುಕೊಳ್ಳುತ್ತಾರೆ. ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರ ಇರುವುದು ಸಿ ನಮೂನೆಯಲ್ಲಿ. ಗ್ರಾಮಸಭೆಯ ನಿರ್ಣಯ ಒಪ್ಪಿಗೆಯಾಗದಿದ್ದರೆ ಉಪವಿಭಾಗ ಸಮಿತಿಗೆ ಮೇಲ್ಮನವಿಗೆ 60 ದಿನ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ, ದಿನಾಂಕ ಸಹಿತ.

ಹಿತ್ತಲಲ್ಲಿ ಡೆಕ್ ಹಾಕಲು ಅಗೆಸುತ್ತಿದ್ದೇವೆ. ಹಳೆಯ ಮೂಳೆ ಸಿಕ್ಕರೆ ಏನು ಮಾಡಬೇಕು?
– ಓದುಗರು, ಸಮ್ಮಾಮಿಶ್

ಅಗೆತ ಅಲ್ಲಿಗೇ ನಿಲ್ಲಿಸಿ. ಮೂಳೆಯನ್ನು ಎತ್ತಬೇಡಿ, ತೊಳೆಯಬೇಡಿ, ಫೋಟೊ ತೆಗೆದು ಹಂಚಬೇಡಿ. ಬಟ್ಟೆಯೋ ಟಾರ್ಪಾಲೋ ಹೊದಿಸಿ ಸುತ್ತ ಯಾರೂ ಓಡಾಡದಂತೆ ನೋಡಿಕೊಳ್ಳಿ. ಕೌಂಟಿಯ (ಜಿಲ್ಲೆಯ) ಮೆಡಿಕಲ್ ಎಕ್ಸಾಮಿನರ್, ಅಂದರೆ ಸಾವಿನ ಕಾರಣ ಪರೀಕ್ಷಿಸುವ ಅಧಿಕಾರಿಯ ಕಚೇರಿಗೂ ಪೊಲೀಸರಿಗೂ ಕೂಡಲೇ ತಿಳಿಸಿ. ತಿಳಿಸದೆ ಮುಚ್ಚುವುದು ಅಪರಾಧ. ಅದು ಅಪರಾಧ ಪ್ರಕರಣದ ಮೂಳೆಯೇ ಎಂದು 5 ಕೆಲಸದ ದಿನಗಳೊಳಗೆ ಅವರು ತೀರ್ಮಾನಿಸಬೇಕು, ಅಲ್ಲವೆಂದಾದರೆ ವಿಷಯ ರಾಜ್ಯದ ಪುರಾತತ್ವ ಇಲಾಖೆಯ ಮಾನವಶಾಸ್ತ್ರಜ್ಞರಿಗೆ ಹೋಗುತ್ತದೆ. ಅದು ಮೂಲನಿವಾಸಿಗಳದ್ದಾದರೆ ಸಂಬಂಧಪಟ್ಟ ಬುಡಕಟ್ಟುಗಳಿಗೆ ಅವರೇ ತಿಳಿಸುತ್ತಾರೆ. ಮುಂದಿನ ಮಾತುಕತೆಗೆ ಸಮಯ ಹಿಡಿಯುತ್ತದೆ, ಆದ್ದರಿಂದ ಗುತ್ತಿಗೆದಾರರ ಕರಾರಿನಲ್ಲಿ ಕೆಲಸ ನಿಂತ ದಿನಗಳ ಖರ್ಚು ಯಾರದೆಂದು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.